ಎದುರು ಮನೆಯ ಶೀಟು, ಪಕ್ಕದ ಮನೆಯ ಷಟರ್: ದೂರು ಕೊಡುವುದು ಹೇಗೆ?

ಬೆಂಗಳೂರಿನ 30x40 ಸೈಟುಗಳ ಬೀದಿಯಲ್ಲಿ ಜಗಳ ಹುಟ್ಟುವುದು ಜಾಸ್ತಿ ಮನೆಯ ಮುಂದಿನ ಆ ನಾಲ್ಕಾರು ಅಡಿ ಜಾಗದಲ್ಲೇ. ಒಬ್ಬರು ಕಾರಿಗೆ ಬಿಸಿಲು ಬೀಳಬಾರದು ಅಂತ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕುತ್ತಾರೆ, ಮಳೆ ಬಂದರೆ ಆ ಶೀಟಿನ ನೀರೆಲ್ಲ ಪಕ್ಕದವರ ಗೋಡೆಗೆ. ಇನ್ನೊಬ್ಬರು ಗೇಟಿನಿಂದ ಫುಟ್‌ಪಾತ್ ದಾಟಿ ರಸ್ತೆಯವರೆಗೂ ಕಾಂಕ್ರೀಟ್ ರ‍್ಯಾಂಪ್ ಸುರಿದು ಮೋರಿ ಮುಚ್ಚುತ್ತಾರೆ. ಮತ್ತೊಬ್ಬರು ಗ್ಯಾರೇಜಿಗೆ ಷಟರ್ ಇಟ್ಟು ಕಾಂಡಿಮೆಂಟ್ಸ್ ಶುರು ಮಾಡುತ್ತಾರೆ, ಸಂಜೆಯಾದರೆ ನಿಮ್ಮ ಗೇಟಿನ ಮುಂದೆ ಬೈಕುಗಳ ಸಾಲು.

ಬೇಸತ್ತವರು ಮಾಡುವುದೇನು? ಈ ಮೂರನ್ನೂ, ಜೊತೆಗೆ ಅವರ ನಾಯಿ ಬೊಗಳುವುದನ್ನೂ, ಒಂದೇ ಪತ್ರದಲ್ಲಿ ತುಂಬಿಸಿ ಪಾಲಿಕೆಗೆ ಕೊಡುತ್ತಾರೆ. ಆ ಪತ್ರ ಎಲ್ಲೂ ಮುಂದೆ ಹೋಗುವುದಿಲ್ಲ. ಯಾಕೆಂದರೆ ಇವು ಒಂದೇ ತಪ್ಪಲ್ಲ. ಮೂರಕ್ಕೂ ಕಾನೂನು ಬೇರೆ, ಟೇಬಲ್ ಬೇರೆ, ತೆಗೆದುಕೊಳ್ಳುವ ಸಮಯ ಬೇರೆ.

ಹೆಜ್ಜೆ 1: ಯಾವ ಜಾಗದ ಜಗಳ ಅಂತ ಗುರುತಿಸಿ

ಕಾಂಪೌಂಡಿನ ಒಳಗೆ, ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ ಸೆಟ್‌ಬ್ಯಾಕ್. ಅದು ಅವರದೇ ಸೈಟು, ಆದರೂ ಕಟ್ಟುವಂತಿಲ್ಲ. ಗಾಳಿ, ಬೆಳಕು, ಬೆಂಕಿ ಬಿದ್ದಾಗ ಓಡಾಡಲು ದಾರಿ ಇರಲಿ ಅಂತಲೇ ಆ ನಿಯಮ ಇರುವುದು. ಎಷ್ಟು ಬಿಡಬೇಕು ಅನ್ನುವುದು ಸೈಟಿನ ಅಳತೆ ಮತ್ತು ಕಟ್ಟಡದ ಎತ್ತರದ ಮೇಲೆ ನಿಂತಿದೆ, ಆದ್ದರಿಂದ ಪಕ್ಕದ ಬೀದಿಯವರು ಹೇಳಿದ ಅಡಿ ಲೆಕ್ಕವನ್ನು ನಂಬಬೇಡಿ.

ಕಾಂಪೌಂಡಿನ ಹೊರಗೆ ಇರುವುದು ಸಾರ್ವಜನಿಕ ಜಾಗ. ರ‍್ಯಾಂಪ್, ಮೆಟ್ಟಿಲು, ಗಿಡಕ್ಕೆ ಅಂತ ಕಟ್ಟಿದ ಕಬ್ಬಿಣದ ಬೇಲಿ, ಸೆಕ್ಯೂರಿಟಿ ಗೂಡು ಎಲ್ಲ ಒತ್ತುವರಿ. ಇಲ್ಲಿ ನಿಮ್ಮ ಕೇಸು ಬಹಳ ಗಟ್ಟಿ. ನೋಟಿಸ್ ಕೊಡದೆ, 15 ದಿನ ಸಮಯ ಕೊಡದೆ ಕಟ್ಟಡ ಕೆಡವಬಾರದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತಲ್ಲ, ಅದೇ ತೀರ್ಪಿನಲ್ಲಿ ರಸ್ತೆ, ಫುಟ್‌ಪಾತ್‌ಗಳ ಮೇಲಿನ ಅಕ್ರಮ ಕಟ್ಟಡಗಳಿಗೆ ಈ ರಕ್ಷಣೆ ಇಲ್ಲ ಅಂತಲೂ ಇದೆ.

ಮೂರನೆಯದು ಬಳಕೆ. ಕಟ್ಟಡ ಪ್ಲಾನಿನಂತೆಯೇ ಇದ್ದು, ಒಳಗೆ ನಡೆಯುತ್ತಿರುವುದು ಮಾತ್ರ ಮನೆಯಲ್ಲ, ಅಂಗಡಿಯೋ ಪಿಜಿಯೋ ಗೋದಾಮೋ ಆಗಿದ್ದರೆ ಅದು ವಲಯ ನಿಯಮದ, ಅಂದರೆ ಯಾವ ಪ್ರದೇಶದಲ್ಲಿ ಏನು ನಡೆಯಬಹುದು ಅನ್ನುವ ಪ್ರಶ್ನೆ.

ಹೆಜ್ಜೆ 2: ಮೊದಲು ನಿಮ್ಮ ಮನೆ ನೋಡಿಕೊಳ್ಳಿ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರು ಅನ್ನೋ ಗಾದೆ ಇದೆಯಲ್ಲ, ಈ ವಿಷಯದಲ್ಲಿ ಅದು ದಿನಾ ನಡೆಯುತ್ತದೆ. ನೀವು ದೂರು ಕೊಟ್ಟ ಮರುವಾರ ಎದುರು ಮನೆಯವರು ನಿಮ್ಮ ಮೇಲೆ ಕೊಡುತ್ತಾರೆ. ಇಂಜಿನಿಯರ್ ಟೇಪು ಹಿಡಿದು ಬಂದಾಗ ಎರಡೂ ಮನೆ ಅಳೆಯುತ್ತಾರೆ, ಆಮೇಲೆ ಎರಡೂ ಫೈಲು ಒಟ್ಟಿಗೆ ಮಲಗುತ್ತವೆ. ನಿಮ್ಮ ಬಾಲ್ಕನಿ ಎಷ್ಟು ಮುಂದಿದೆ? ಬೆಂಗಳೂರಿನ ನಿಯಮದ ಪ್ರಕಾರ ಮೊದಲ ಮಹಡಿಯ ಬಾಲ್ಕನಿ ಸೆಟ್‌ಬ್ಯಾಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಚಾಚಬಾರದು, ಎಷ್ಟೇ ಜಾಗ ಇದ್ದರೂ 1.1 ಮೀಟರ್ ದಾಟಬಾರದು. ಸಜ್ಜಕ್ಕೆ 0.75 ಮೀಟರ್, ಅಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ನಿಮ್ಮ ಗೇಟಿನ ಮುಂದಿನ ರ‍್ಯಾಂಪ್ ಫುಟ್‌ಪಾತಿನ ಮೇಲೆಯೇ ಇದ್ದರೆ ಅದನ್ನು ಮೊದಲು ಒಡೆಸಿ, ಆಮೇಲೆ ಬೇರೆಯವರದನ್ನು ಹೇಳಿ.

ಹೆಜ್ಜೆ 3: ಕಾಗದ ಹಿಡಿಯಿರಿ

ಇಡೀ ಕೆಲಸದಲ್ಲಿ ಜನ ಹಾರಿಸಿಬಿಡುವ ಹೆಜ್ಜೆ ಇದೇ, ನನ್ನ ಪ್ರಕಾರ ಕೇಸು ಗೆಲ್ಲುವುದೂ ಇಲ್ಲೇ. ನಿಮಗೆ ಬೇಕಾದದ್ದು ಆ ಮನೆಯ ಮಂಜೂರಾದ ಪ್ಲಾನಿನ ವಿವರ. ಅದು ಇಲ್ಲದೆ "ಅವರು ಅಕ್ರಮವಾಗಿ ಕಟ್ಟಿದ್ದಾರೆ" ಅಂದರೆ ಅದು ನಿಮ್ಮ ಅಭಿಪ್ರಾಯ ಅಷ್ಟೇ.

ದಾರಿ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ಮೂರು ಪುಟದ ಕಥೆ ಬರೆಯಬೇಡಿ. ಪಕ್ಕದವರ ಪೂರ್ತಿ ನಕ್ಷೆ ಕೊಡಿ ಅಂದರೆ "ಇದು ಮೂರನೇ ವ್ಯಕ್ತಿಯ ಮಾಹಿತಿ" ಅಂತ ಅವರ ಒಪ್ಪಿಗೆ ಕೇಳಲು ಹೋಗುತ್ತಾರೆ, ಅವಧಿ 40 ದಿನಕ್ಕೆ ಏರುತ್ತದೆ, ಕೊನೆಗೆ ಕೊಡುವುದಿಲ್ಲ ಅನ್ನಲೂಬಹುದು. ಅದರ ಬದಲು ಬಿಡಿಬಿಡಿಯಾಗಿ ಕೇಳಿ: ಇಂಥ ಸೈಟಿಗೆ ಪ್ಲಾನ್ ಮಂಜೂರಾಗಿದೆಯೇ, ಮಂಜೂರಾತಿ ಸಂಖ್ಯೆ ಮತ್ತು ದಿನಾಂಕ ಏನು, ಎಷ್ಟು ಮಹಡಿ, ಮುಂಭಾಗದ ಸೆಟ್‌ಬ್ಯಾಕ್ ಎಷ್ಟು ಮೀಟರ್, ಸ್ವಾಧೀನಾನುಭವ ಪತ್ರ ಅಂದರೆ ಓಸಿ ಕೊಟ್ಟಿದ್ದೀರಾ. ಫೈಲನ್ನು ಕಚೇರಿಯಲ್ಲೇ ಕೂತು ನೋಡಲು ಅವಕಾಶ ಕೊಡಿ ಅಂತಲೂ ಒಂದು ಸಾಲು ಸೇರಿಸಿ. ಕಾಗದ ಕೊಡಲು ಹಿಂಜರಿಯುವವರು ತೋರಿಸಲು ಅಷ್ಟು ಹಿಂಜರಿಯುವುದಿಲ್ಲ.

ಜೊತೆಗೆ ಫೋಟೋ. ನಿಮ್ಮ ಮನೆಯಿಂದಲೋ ರಸ್ತೆಯಿಂದಲೋ ತೆಗೆಯಿರಿ, ಅವರ ಕಾಂಪೌಂಡಿನೊಳಗೆ ಕಾಲಿಡಬೇಡಿ, ಮನೆಯವರ ಮುಖ ಬೀಳದಂತೆ ನೋಡಿಕೊಳ್ಳಿ. ಕೆಲಸ ನಡೆಯುತ್ತಿರುವಾಗಲೇ ತೆಗೆದ ಫೋಟೋ ಮುಗಿದ ಮೇಲೆ ತೆಗೆದದ್ದಕ್ಕಿಂತ ಎಷ್ಟೋ ಉಪಯೋಗ.

ಹೆಜ್ಜೆ 4: ಒಂದು ಸಲ ಮಾತಾಡಿ, ಚಿಕ್ಕದನ್ನೇ ಕೇಳಿ

ಮಾತಾಡಿ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ, ಏನು ಮಾತಾಡಬೇಕು ಅಂತ ಹೇಳುವುದಿಲ್ಲ. "ಶೀಟ್ ತೆಗೀರಿ" ಅಂತ ಹೋದರೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. "ಸರ್, ಶೀಟಿನ ನೀರು ನಮ್ಮ ಬೆಡ್‌ರೂಮ್ ಗೋಡೆಗೇ ಬೀಳ್ತಿದೆ, ಅಂಚಿಗೆ ಒಂದು ಪೈಪ್ ಹಾಕಿಸಿ ನಿಮ್ಮ ಕಡೆಗೇ ತಿರುಗಿಸ್ತೀರಾ?" ಅಂತ ಕೇಳಿ ನೋಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ, ಯಾಕೆಂದರೆ ನಿಮಗೆ ತೊಂದರೆ ಆಗುತ್ತಿರುವುದು ನೀರಿನಿಂದ, ಶೀಟಿನಿಂದಲ್ಲ. ಒಪ್ಪಿದರೆ ಆ ಸಂಜೆಯೇ ವಾಟ್ಸ್‌ಆ್ಯಪ್‌ನಲ್ಲಿ "ಥ್ಯಾಂಕ್ಸ್ ಸರ್, ತಿಂಗಳೊಳಗೆ ಪೈಪ್ ಹಾಕಿಸ್ತೀನಿ ಅಂದ್ರಲ್ಲ" ಅಂತ ಒಂದು ಮೆಸೇಜ್ ಹಾಕಿ. ದಾಖಲೆಯೂ ಆಯಿತು, ಮರ್ಯಾದೆಯೂ ಉಳಿಯಿತು. ಬೀದಿಯ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ನೂರು ಜನರ ಮುಂದೆ ಯಾರೂ ಸೋಲುವುದಿಲ್ಲ.

ಹೆಜ್ಜೆ 5: ದೂರು, ಒಂದು ವಿಷಯಕ್ಕೆ ಒಂದು

ಬೆಂಗಳೂರಿನಲ್ಲಿ ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. ಸೆಟ್‌ಬ್ಯಾಕ್ ದೂರು ನಿಮ್ಮ ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯಪಾಲಕ ಇಂಜಿನಿಯರ್), ಅದರ ಒಂದು ನಕಲು ನಗರ ಯೋಜನೆ ವಿಭಾಗದ ಎಡಿಟಿಪಿಗೆ (ಸಹಾಯಕ ನಿರ್ದೇಶಕ). ಫುಟ್‌ಪಾತ್ ದೂರು ಎಇಇಗೇ, ಆದರೆ ಬೇರೆ ಪತ್ರ. ಅಂಗಡಿಯ ದೂರು ಟ್ರೇಡ್ ಲೈಸೆನ್ಸ್ ಕೊಡುವ ಆರೋಗ್ಯ ವಿಭಾಗಕ್ಕೆ, ಒಂದು ನಕಲು ಎಡಿಟಿಪಿಗೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನವರಾದರೆ ಪಾಲಿಕೆಯ ವಲಯ ಕಚೇರಿಗೆ ಹೋಗಿ. ಅಲ್ಲಿ ನಡೆಯುವುದು 1976ರ ಪೌರ ನಿಗಮಗಳ ಕಾಯ್ದೆ.

ಪತ್ರ ಹೀಗಿದ್ದರೆ ಸಾಕು:

"ವಿಷಯ: ಸೈಟ್ ನಂ. __, __ನೇ ಕ್ರಾಸ್, ಇಲ್ಲಿ ಮುಂಭಾಗದ ಸೆಟ್‌ಬ್ಯಾಕಿನಲ್ಲಿ ಶೆಡ್ ನಿರ್ಮಿಸಿರುವ ಬಗ್ಗೆ. ಮಂಜೂರಾತಿ ಸಂಖ್ಯೆ __ರ ಪ್ರಕಾರ ಮುಂಭಾಗದಲ್ಲಿ __ ಮೀಟರ್ ತೆರೆದ ಜಾಗ ಬಿಡಬೇಕಿದ್ದು, ಅಲ್ಲಿ ಕಬ್ಬಿಣದ ಕಂಬ ಮತ್ತು ಶೀಟಿನ ಶೆಡ್ ಹಾಕಲಾಗಿದೆ. ಇದರಿಂದ ಮಳೆನೀರು ನಮ್ಮ ಗೋಡೆಗೆ ಬೀಳುತ್ತಿದೆ. ದಯವಿಟ್ಟು ಸ್ಥಳ ಪರಿಶೀಲಿಸಿ, ಅಳತೆ ದಾಖಲಿಸಿ, ಕಾನೂನಿನಂತೆ ಕ್ರಮ ಕೈಗೊಂಡು ನನಗೆ ಲಿಖಿತ ಹಿಂಬರಹ ನೀಡಬೇಕಾಗಿ ಕೋರುತ್ತೇನೆ. ಫೋಟೋ ಮತ್ತು ಆರ್‌ಟಿಐ ಉತ್ತರ ಲಗತ್ತಿಸಿದೆ."

ಅಷ್ಟೇ. ಅವರು ಯಾವ ಪಕ್ಷದವರು, ಯಾರ ನೆಂಟರು, ಇದ್ಯಾವುದೂ ಬೇಡ. ಪತ್ರವನ್ನು ಸುಮ್ನೆ ಟೇಬಲ್ ಮೇಲೆ ಇಟ್ಟು ಬರಬೇಡಿ, ಇನ್‌ವರ್ಡ್‌ನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡಿದರೂ ದೂರಿನ ನಂಬರ್ ಸಿಗುತ್ತದೆ, ಆದರೆ ಕಾಗದದ ತೂಕ ಅದಕ್ಕಿಲ್ಲ.

ಒಂದು ಮಾತು ನಿಮಗೆ ಖಂಡಿತ ಕೇಳಿಬರುತ್ತದೆ: "ಇದು ಬರೀ ಶೀಟು ಸ್ವಾಮಿ, ಆರ್‌ಸಿಸಿ ಅಲ್ಲ, ಇದಕ್ಕೇನು ಪರ್ಮಿಷನ್?" ಕೆಲವು ಸಲ ಪಾಲಿಕೆಯವರೇ ಹೀಗಂತಾರೆ. ಪೌರ ನಿಗಮಗಳ ಕಾಯ್ದೆಯ ಪ್ರಕಾರ ಶೆಡ್, ಗುಡಿಸಲು, ಗೋಡೆ, ಜಗಲಿ ಎಲ್ಲವೂ ಕಟ್ಟಡವೇ, ಅದು ಇಟ್ಟಿಗೆಯದಾಗಿರಲಿ ಮರದ್ದಾಗಿರಲಿ ಲೋಹದ್ದಾಗಿರಲಿ.

ಹೆಜ್ಜೆ 6: ಅಂಗಡಿಯಾದರೆ ನಕ್ಷೆಯ ಬಣ್ಣ ನೋಡಿ

ಮನೆಯಲ್ಲಿ ವ್ಯಾಪಾರ ಅಂದ ಕೂಡಲೇ ಅಕ್ರಮ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಇನ್ನೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾ ಯೋಜನೆ 2015. ಅದರ ಮುಂದಿನದ್ದು, 2031ರ ಕರಡು, ವಾಪಸಾಯಿತು. ಈ ಯೋಜನೆ ವಸತಿ ವಲಯದೊಳಗೇ ಪೂರಕ ಬಳಕೆ ಅಂತ ಒಂದಿಷ್ಟು ವಿನಾಯಿತಿ ಇಟ್ಟಿತು. ಕಟ್ಟಡದ ಶೇ 20 ಅಥವಾ 50 ಚದರ ಮೀಟರ್, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟು. ಆಮೇಲೆ ನಿವಾಸಿಗಳ ವಿರೋಧ, ಕೋರ್ಟು, ತಿದ್ದುಪಡಿ ಎಲ್ಲ ಆಗಿ ರಸ್ತೆ ಅಗಲದ ಷರತ್ತು ಬಿಗಿಯಾಯಿತು. ಹಾಗಾಗಿ ಮನೆಯ ಮುಂದಿನ ಕೋಣೆಯಲ್ಲಿ ಕೂರುವ ಲಾಯರ್ ಮೇಲೋ, ನಾಲ್ಕು ಮಕ್ಕಳಿಗೆ ಪಾಠ ಹೇಳುವ ಆಂಟಿ ಮೇಲೋ ದೂರು ಕೊಟ್ಟು ಟೈಮ್ ಹಾಳು ಮಾಡಬೇಡಿ. ಇಡೀ ನೆಲಮಹಡಿ ಹೋಟೆಲ್ ಆಗಿದ್ದರೆ ಅದು ಬೇರೆ ಮಾತು. ಈ ಯೋಜನೆಯ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ನಕ್ಷೆಯಲ್ಲಿ ನಿಮ್ಮ ಬೀದಿ ಹಳದಿಯಿದೆಯೇ ನೋಡಿ, ವಸತಿಗೆ ಹಳದಿ. ರಸ್ತೆಯ ಅಗಲವನ್ನು ಬಡಾವಣೆ ನಕ್ಷೆಯಿಂದ ತಿಳಿದುಕೊಳ್ಳಿ.

ಇಲ್ಲಿ ನಿಮ್ಮ ಕೈಗೆ ಒಂದು ಗಟ್ಟಿ ತೀರ್ಪಿದೆ. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಕೂಡದು ಅಂತ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆರೋಗ್ಯ ವಿಭಾಗದ ಪತ್ರದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಇನ್ನು ಸೈಟನ್ನೇ ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸುವ ಅರ್ಜಿ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನ ಕೆಳಗೆ ನಡೆಯುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ನಾವು ಪೇಪರ್ ಓದುವಾಗ ಹಾರಿಸುವ ಆ ಸಣ್ಣ ಅಕ್ಷರದ ಜಾಹೀರಾತುಗಳಿವೆಯಲ್ಲ, ಅಲ್ಲೇ ಇರುತ್ತದೆ ನಿಮ್ಮ ಪಕ್ಕದ ಸೈಟಿನ ಸರ್ವೆ ನಂಬರು. ಆ ದಿನಗಳು ದಾಟಿದ ಮೇಲೆ ಹತ್ತು ಜನ ಹೋಗಿ ಕೂಗಾಡುವುದಕ್ಕಿಂತ, ಆ ಅವಧಿಯೊಳಗೆ ಒಬ್ಬರು ಕೊಟ್ಟ ಲಿಖಿತ ಆಕ್ಷೇಪಣೆಗೇ ಬೆಲೆ ಜಾಸ್ತಿ. ಅದರಲ್ಲಿ ಭಾವನೆ ಬೇಡ. ರಸ್ತೆ ಎಷ್ಟು ಅಡಿ, ಪಾರ್ಕಿಂಗ್ ಎಲ್ಲಿ, ಒಳಚರಂಡಿ ಪೈಪ್ ಈಗಾಗಲೇ ಎಷ್ಟು ಸಲ ಉಕ್ಕಿದೆ, ಇವಿರಲಿ.

"ಅವರು ಲಕ್ಷಗಟ್ಟಲೆ ಖರ್ಚು ಮಾಡಿಬಿಟ್ಟಿದ್ದಾರೆ, ಇನ್ನೇನು ಮಾಡೋಕಾಗುತ್ತೆ" ಅನ್ನುವವರಿಗೆ ಉಡುಪಿಯ ಕಥೆ ಹೇಳಿ. ಅಲ್ಲಿ ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪಕ್ಕೆ ಅಂತ ಒಪ್ಪಿಗೆ ಸಿಕ್ಕಿದ ಕಟ್ಟಡವನ್ನು ಸಿನಿಮಾ ಟಾಕೀಸು ಮಾಡಿಕೊಳ್ಳಲು ಪುರಸಭೆ ಅನುಮತಿ ಕೊಟ್ಟಿತು. ಅಲ್ಲಿನ ನಿವಾಸಿಯೊಬ್ಬರು ಕೋರ್ಟಿಗೆ ಹೋದರು. ಅನುಮತಿ ಕೊಟ್ಟದ್ದು ತಪ್ಪು, ಆದರೆ ಹಣ ಖರ್ಚಾಗಿಹೋಗಿದೆ ಅಂತ ಹೈಕೋರ್ಟ್ ಕೈಹಾಕಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಅನುಮತಿಯನ್ನೇ ರದ್ದು ಮಾಡಿತು. ವಸತಿ ಪ್ರದೇಶದಲ್ಲಿ ಹೀಗೆ ಕಟ್ಟಿದರೆ ಅಲ್ಲಿ ವಾಸಿಸುವವರ ಹಕ್ಕಿಗೇ ಪೆಟ್ಟು ಅಂತ ಹೇಳಿದ ತೀರ್ಪು ಅದು, ವಕೀಲರು ಇವತ್ತಿಗೂ ಅದನ್ನು ಎತ್ತಿಕೊಂಡೇ ವಾದ ಶುರು ಮಾಡುತ್ತಾರೆ.

ಹೆಜ್ಜೆ 7: ನೋಟಿಸ್ ಆದ ಮೇಲೆ ಮಲಗಬೇಡಿ

ಪಾಲಿಕೆ ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ ಕಾರಣ ಕೇಳುತ್ತದೆ, ಉತ್ತರ ನೋಡಿ ಆಮೇಲೆ ದೃಢೀಕರಣ ಆದೇಶ. ಹಳೆಯ ಫೈಲುಗಳಲ್ಲಿ ಇದು ಪೌರ ನಿಗಮಗಳ ಕಾಯ್ದೆಯ 321ನೇ ಕಲಂ, 2020ರ ಬಿಬಿಎಂಪಿ ಕಾಯ್ದೆ ನಡೆಯುತ್ತಿದ್ದ ಕಾಲದ ಫೈಲುಗಳಲ್ಲಿ 248. ನೋಟಿಸ್ ಕೊಟ್ಟಾಯಿತು ಅನ್ನುವ ಹಿಂಬರಹ ಸಿಕ್ಕ ಖುಷಿಯಲ್ಲಿ ಜನ ಸುಮ್ಮನಾಗುತ್ತಾರೆ, ಎಷ್ಟೋ ಕೇಸು ಸಾಯುವುದು ಇಲ್ಲೇ. ತಾತ್ಕಾಲಿಕ ಆದೇಶದಿಂದ ಒಂದು ಮೊಳೆಯೂ ಕದಲುವುದಿಲ್ಲ. ದೃಢೀಕರಣ ಆಯಿತೇ ಅಂತ ಇನ್ನೊಂದು ಆರ್‌ಟಿಐ ಹಾಕಿ, ಆದೇಶದ ಪ್ರತಿ ಕೇಳಿ.

"ಅಕ್ರಮ ಸಕ್ರಮ ಬಂದಾಗ ದುಡ್ಡು ಕಟ್ಟಿಕೊಳ್ಳುತ್ತೇವೆ" ಅಂತ ಪಕ್ಕದವರು ಹೇಳಬಹುದು. ಮನೆಗಳಿಗೆ ಶೇ 50ರವರೆಗೆ ಉಲ್ಲಂಘನೆ ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಮುಂದೆ ಯಾವತ್ತೋ ಸಕ್ರಮ ಆಗಬಹುದು ಅನ್ನುವುದು ಇವತ್ತು ಕ್ರಮ ತಗೊಳ್ಳದಿರಲು ಕಾರಣವಲ್ಲ.

ಹೆಜ್ಜೆ 8: ಕೋರ್ಟು

ಗೋಡೆ ನಿಮ್ಮ ಗಡಿ ದಾಟಿದ್ದರೆ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬರುತ್ತಿದ್ದ ಬೆಳಕು ನಿಂತುಹೋಗಿದ್ದರೆ ಸಿವಿಲ್ ಕೋರ್ಟಿನ ದಾರಿ ಇದೆ. ಅದು ನಿಧಾನ. ಅದಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಸು ಹಾಕದೆಯೇ ರಾಜಿಗೆ ಕರೆಸಲು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ವರಮಾನ ಎಷ್ಟೇ ಇದ್ದರೂ ವಕೀಲರು ಉಚಿತ.

ಪಾಲಿಕೆ ದೃಢೀಕರಣ ಆದೇಶ ಮಾಡಿದರೆ ಪಕ್ಕದವರು ಮೇಲ್ಮನವಿಗೆ ಹೋಗುತ್ತಾರೆ. ಇಂಥ ಕೇಸುಗಳು ಸಾಮಾನ್ಯವಾಗಿ ಹೋಗುವುದು ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ, ಜನರ ಬಾಯಲ್ಲಿ ಕೆಎಟಿ. ಅಲ್ಲಿ ಪ್ರತಿವಾದಿ ಪಾಲಿಕೆ ಮಾತ್ರ, ದೂರು ಕೊಟ್ಟ ನಿಮಗೆ ನೋಟಿಸ್ ಬರುವುದು ಅಪರೂಪ. ಪಾಲಿಕೆ ವಕೀಲರು ಎರಡು ದಿನಾಂಕ ತಪ್ಪಿಸಿಕೊಂಡರೂ ಪಕ್ಕದವರಿಗೆ ಸಿಕ್ಕ ತಡೆಯಾಜ್ಞೆ ಹಾಗೇ ಮುಂದುವರಿಯುತ್ತದೆ. ಆದ್ದರಿಂದ ಆದೇಶದ ಪ್ರತಿ ಕೈಗೆ ಬಂದ ತಕ್ಷಣ ವಕೀಲರೊಬ್ಬರನ್ನು ನೋಡಿ, ಅಲ್ಲಿ ಮೇಲ್ಮನವಿ ಹಾಕಿದ್ದಾರೆಯೇ ಅಂತ ವಿಚಾರಿಸಿ, ನಿಮ್ಮನ್ನೂ ಪಕ್ಷಗಾರರಾಗಿ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿಸಿ. ಹೆಜ್ಜೆ 3ರ ಆರ್‌ಟಿಐ ಉತ್ತರ, ಸೀಲು ಬಿದ್ದ ದೂರಿನ ಪ್ರತಿ, ಕೆಲಸ ನಡೆಯುವಾಗ ತೆಗೆದ ಫೋಟೋ, ಈ ಮೂರರ ಎರಡೆರಡು ಸೆಟ್ ಜೆರಾಕ್ಸ್ ಜೊತೆಗಿರಲಿ.