ಸೇವಾ ಸಂಸ್ಥೆಯ ಲೆಕ್ಕ ಕಂಪ್ಯೂಟರಿಗೆ: ಎಲ್ಲಿಂದ ಆರಂಭಿಸಬೇಕು?

ಅಂಗಡಿಯ ಲೆಕ್ಕ ಲಾಭ-ನಷ್ಟ ಹೇಳಿದರೆ ಸಾಕು. ಸೇವಾ ಸಂಸ್ಥೆಯ ಲೆಕ್ಕ ಪ್ರತಿ ರೂಪಾಯಿಯ ಬಗ್ಗೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಹಣ ಕೊಟ್ಟವರು ಯಾರು, ಅದು ಖರ್ಚಾದದ್ದು ಯಾವ ಕೆಲಸಕ್ಕೆ? ಸಾಫ್ಟ್‌ವೇರ್ ಕೊಂಡು ತಂದು, ಬಂದದ್ದನ್ನೆಲ್ಲ ‘ದೇಣಿಗೆ’ ಎಂದೂ ಹೋದದ್ದನ್ನೆಲ್ಲ ‘ಇತರೆ ಖರ್ಚು’ ಎಂದೂ ತುಂಬಿಸಿದರೆ ಈ ಪ್ರಶ್ನೆಗಳಿಗೆ ಉತ್ತರ ಎಂದಿಗೂ ಸಿಗದು. ಆದ್ದರಿಂದ ಕಂಪ್ಯೂಟರ್ ಮುಂದೆ ಕೂರುವ ಮೊದಲು ಕಾಗದ ತೆಗೆದುಕೊಳ್ಳಿ.

ಒಂದು ಬದಿಯಲ್ಲಿ ಹಣದ ಮೂಲಗಳನ್ನು ಬರೆಯಿರಿ: ಸಾಮಾನ್ಯ ದೇಣಿಗೆ, ಇಂಥದ್ದೇ ಕೆಲಸಕ್ಕೆಂದು ಬಂದ ಅನುದಾನ, ಮೂಲನಿಧಿ, ಠೇವಣಿಯ ಬಡ್ಡಿ. ಮೂಲನಿಧಿ ಎಂದರೆ ಖರ್ಚು ಮಾಡದೆ ಕಾಯ್ದಿಡಬೇಕಾದ ಹಣ. ಇನ್ನೊಂದು ಬದಿಯಲ್ಲಿ ನಿಮ್ಮ ಕಾರ್ಯಕ್ರಮಗಳು ಬರಲಿ. ಮೂಲನಿಧಿಗೆಂದೇ ದಾನಿ ಬರೆದುಕೊಟ್ಟಿದ್ದರೆ ಮಾತ್ರ ಆ ಹಣವನ್ನು ಅದಕ್ಕೆ ಸೇರಿಸಿ. ಆ ಪತ್ರವನ್ನು ಜೋಪಾನವಾಗಿಡಿ.

ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇದ್ದರೆ ಆ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲಿ ಬೇರೆಯದೇ ‘ಕಂಪನಿ’ಯಾಗಿ, ಅಂದರೆ ಪ್ರತ್ಯೇಕ ಲೆಕ್ಕದ ಪುಸ್ತಕವಾಗಿ ತೆರೆಯಿರಿ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲಿನ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಆಡಳಿತ ವೆಚ್ಚಕ್ಕೆ ಪ್ರತ್ಯೇಕ ಗುಂಪು ಮಾಡಿಟ್ಟರೆ ಈ ಮಿತಿಯ ಮೇಲೆ ವರ್ಷವಿಡೀ ಕಣ್ಣಿಡಬಹುದು.

ತೀರಾ ಚಿಕ್ಕ ಸಂಘಕ್ಕೆ ಉಚಿತವಾಗಿ ಸಿಗುವ ಗ್ನೂಕ್ಯಾಶ್ ಸಾಕಾಗಬಹುದು. ನಾಲ್ಕಾರು ದಾನಿಗಳಿದ್ದರೆ ಟ್ಯಾಲಿ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಗೊತ್ತಿರುವ ಗುಮಾಸ್ತರು ಊರೂರಲ್ಲಿ ಸಿಗುತ್ತಾರೆ. ಜತೆಗೆ ಅದರಲ್ಲಿ ಕಾಸ್ಟ್ ಸೆಂಟರ್ ಸೌಲಭ್ಯವಿದೆ; ಅಂದರೆ ಒಂದೇ ಮೊತ್ತ ಯಾರದು, ಯಾವ ಕೆಲಸದ್ದು ಎಂದು ಗುರುತು ಹಾಕಬಹುದು. ಸೆಟ್ಟಿಂಗ್‌ನಲ್ಲಿ ಅದನ್ನು ಚಾಲೂ ಮಾಡಿ, ‘ದಾನಿ’ ಮತ್ತು ‘ಕಾರ್ಯಕ್ರಮ’ ಎಂಬ ಎರಡು ಕಾಸ್ಟ್ ಕೆಟಗರಿ (ಗುರುತುಗಳ ಗುಂಪು) ಸೃಷ್ಟಿಸಿ, ಒಂದರ ಕೆಳಗೆ ದಾನಿಗಳ ಹೆಸರು, ಇನ್ನೊಂದರ ಕೆಳಗೆ ಕಾರ್ಯಕ್ರಮಗಳ ಹೆಸರು ಸೇರಿಸಿ.

ಸಂಜೆ ಶಾಲೆಯ ಶಿಕ್ಷಕಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ ಎಂದಿಟ್ಟುಕೊಳ್ಳಿ. ಅದರಲ್ಲಿ 8,000 ಒಂದು ಕಂಪನಿಯ ಅನುದಾನದಿಂದ, ಉಳಿದದ್ದು ಸಾಮಾನ್ಯ ದೇಣಿಗೆಯಿಂದ. ಎಫ್5 ಒತ್ತಿದರೆ ಪಾವತಿ ವೋಚರ್ ತೆರೆಯುತ್ತದೆ. ‘ಶಿಕ್ಷಕರ ಗೌರವಧನ’ ಎಂಬ ಲೆಡ್ಜರ್‌ಗೆ (ಖರ್ಚಿನ ಖಾತೆಗೆ) 12,000 ಬರೆಯಿರಿ. ಆಗ ಬರುವ ಹಂಚಿಕೆಯ ಕಿಂಡಿಯಲ್ಲಿ ದಾನಿಯ ಕೆಳಗೆ 8,000 ಮತ್ತು 4,000 ಎಂದು ಒಡೆಯಿರಿ. ಕಾರ್ಯಕ್ರಮದ ಕೆಳಗೆ ‘ಸಂಜೆ ಶಾಲೆ’ ಎಂದು ಪೂರ್ತಿ 12,000 ಹಾಕಿ. ಬ್ಯಾಂಕಿನಿಂದ ಹೋದದ್ದು ಒಂದೇ ಮೊತ್ತ, ಲೆಡ್ಜರ್ ಕೂಡ ಒಂದೇ. ಅನುದಾನ ಬಂದಾಗಲೂ ರಸೀದಿ ವೋಚರ್‌ಗೆ ಅದೇ ದಾನಿಯ ಗುರುತು ಹಾಕಿದ್ದರೆ, ಮಾರ್ಚ್ ಕೊನೆಯಲ್ಲಿ ಕಂಪನಿ ಹಣ ಬಳಕೆ ಪ್ರಮಾಣಪತ್ರ ಕೇಳಿದಾಗ ಬಂದದ್ದು, ಖರ್ಚಾದದ್ದು, ಉಳಿದದ್ದು ಮೂರೂ ಒಂದೇ ವರದಿಯಲ್ಲಿ ಸಿಗುತ್ತವೆ. ಪ್ರತಿ ದಾನಿಗೂ ಬೇರೆ ಬೇರೆ ಗೌರವಧನದ ಲೆಡ್ಜರ್ ತೆರೆಯುವ ಅಭ್ಯಾಸ ಖಂಡಿತ ಬೇಡ; ಎರಡು ವರ್ಷಗಳಲ್ಲಿ ಲೆಡ್ಜರ್ ಪಟ್ಟಿ ಹನುಮಂತನ ಬಾಲವಾಗುತ್ತದೆ.

ಬದಲಾವಣೆಗೆ ಏಪ್ರಿಲ್ 1 ಸರಿಯಾದ ದಿನ. ಆರಂಭಿಕ ಶಿಲ್ಕುಗಳನ್ನು ಆಡಿಟ್ ಆದ ಆಸ್ತಿ-ಹೊಣೆ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಖರ್ಚಾಗದೆ ಉಳಿದ ಅನುದಾನವನ್ನು ಹೇಗೆ ತೋರಿಸಬೇಕೆಂದು ಆಡಿಟರನ್ನು ಮೊದಲೇ ಕೇಳಿ.

ರಸೀದಿಯಲ್ಲಿ ದಾನಿಯ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಇರಲಿ. ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ) ಇರುವ ಸಂಸ್ಥೆಗೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ದಾನಿಗೆ ಆ ಹಣಕ್ಕೆ ತೆರಿಗೆ ರಿಯಾಯಿತಿ ಸಿಗದು. ಇದನ್ನು ಹಣ ಪಡೆಯುವ ಮೊದಲೇ ಅವರಿಗೆ ತಿಳಿಸುವುದು ಧರ್ಮ.

ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ನೋಂದಣಿಯಾದ ಸಂಸ್ಥೆಗಳು ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದಾದರೆ, ತಿದ್ದುಪಡಿಗಳ ಜಾಡು ದಾಖಲಿಸುವ ಸಾಫ್ಟ್‌ವೇರನ್ನೇ ಬಳಸಬೇಕು. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಟ್ರಸ್ಟ್‌ಗಳೂ ಈ ಸೌಲಭ್ಯ ಬಳಸಲಿ. ಯಾರು ಯಾವಾಗ ಯಾವ ಮೊತ್ತ ತಿದ್ದಿದರು ಎಂಬುದು ಉಳಿದರೆ ಪ್ರಾಮಾಣಿಕ ಗುಮಾಸ್ತರಿಗೇ ರಕ್ಷಣೆ. ಒಬ್ಬೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಕೊಡಿ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಕಚೇರಿಯ ಹೊರಗೆ ಇನ್ನೊಂದು ಕಡೆ ಇಡಿ.

ಮೊದಲ ಮೂರು ತಿಂಗಳು ಕೈಬರಹದ ನಗದು ಪುಸ್ತಕವೂ ಜತೆಗೆ ನಡೆಯಲಿ. ತಿಂಗಳ ಕೊನೆಯ ಶಿಲ್ಕು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ತಾಳೆಯಾಗಿ, ಬ್ಯಾಂಕ್ ಹೊಂದಾಣಿಕೆ ಪಟ್ಟಿಯೂ (ನಿಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವ ಪಟ್ಟಿ) ಸರಿಬಂದರೆ ಜೂನ್ ಅಂತ್ಯಕ್ಕೆ ಕೈಬರಹವನ್ನು ನಿಲ್ಲಿಸಬಹುದು.