ಕಪ್ ಪಂದ್ಯಗಳ ವರ್ಷ ನಾನು ಬರೆದಿಟ್ಟ ನಿಮಿಷಗಳ ಲೆಕ್ಕ

ಫುಟ್‌ಬಾಲ್ ಕ್ಲಬ್ ಒಂದರಲ್ಲಿ ಪಂದ್ಯ ವಿಶ್ಲೇಷಕನಾಗಿ ದುಡಿದ ವರ್ಷಗಳಲ್ಲಿ ಒಂದು ದಪ್ಪ ರಿಜಿಸ್ಟರ್ ನನ್ನ ಜವಾಬ್ದಾರಿಯಾಗಿತ್ತು. ಪ್ರತಿ ಆಟಗಾರನಿಗೆ ಒಂದು ಸಾಲು, ಪ್ರತಿ ಪಂದ್ಯಕ್ಕೆ ಒಂದು ಅಂಕಣ. ಆತ ಎಷ್ಟು ನಿಮಿಷ ಆಡಿದ, ಹಿಂದಿನ ಪಂದ್ಯದ ನಂತರ ಎಷ್ಟು ದಿನ ವಿಶ್ರಾಂತಿ ಸಿಕ್ಕಿತ್ತು, ಮರುದಿನ ಬೆಳಿಗ್ಗೆ ಫಿಸಿಯೋ ಏನು ಹೇಳಿದರು ಎಂಬುದನ್ನೆಲ್ಲ ಅದರಲ್ಲಿ ಬರೆಯುತ್ತಿದ್ದೆ. ಇದೇ ಮಾಹಿತಿ ಕಂಪ್ಯೂಟರಿನಲ್ಲೂ ಇತ್ತಾದರೂ ಕೈಯಲ್ಲಿ ಬರೆದದ್ದು ನನ್ನ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತಿತ್ತು. ನಮ್ಮದು ಇಪ್ಪತ್ತೆರಡು ಆಟಗಾರರ ಸಣ್ಣ ತಂಡ. ಒಂದು ಋತುವಿನಲ್ಲಿ ಈ ತಂಡ ದೇಶದ ನಾಕೌಟ್ ಕಪ್‌ನಲ್ಲಿ, ಅಂದರೆ ಸೋತವರು ಹೊರಬೀಳುವ ಪಂದ್ಯಾವಳಿಯಲ್ಲಿ, ಯಾರೂ ಎಣಿಸದಷ್ಟು ಸುತ್ತುಗಳನ್ನು ದಾಟಿತು. ಅದೇ ಋತುವಿನ ಕೊನೆಗೆ ಲೀಗ್ ಅಂಕಪಟ್ಟಿಯಲ್ಲಿ ಜಾರುತ್ತಾ ಹೋಗಿ, ಕೆಳಗಿನ ಶ್ರೇಣಿಗೆ ಇಳಿಯುವುದರಿಂದ ಕೂದಲೆಳೆಯಲ್ಲಿ ಪಾರಾಯಿತು. ಕಪ್ ನಮ್ಮ ಲೀಗನ್ನು ನುಂಗಿಹಾಕಿತು ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ನಂಬಿದ್ದೆ. ಋತು ಮುಗಿದ ಮೇಲೆ ರಿಜಿಸ್ಟರನ್ನು ಮೊದಲ ಪುಟದಿಂದ ಓದತೊಡಗಿದಾಗ ಆ ನಂಬಿಕೆ ಅರ್ಧ ಮಾತ್ರ ಸರಿ ಎಂದು ತಿಳಿಯಿತು.

ಮೊದಲು ನಾನು ಮಾಡಿದ್ದು ತಪ್ಪು ಹೋಲಿಕೆ. ಕಪ್‌ನಲ್ಲಿ ಮುಂದೆ ಹೋದ ತಂಡಗಳ ಲೀಗ್ ಅಂಕಗಳನ್ನು ಬೇಗ ಹೊರಬಿದ್ದ ತಂಡಗಳ ಅಂಕಗಳ ಪಕ್ಕದಲ್ಲಿಟ್ಟು ನೋಡಿದೆ. ಕಪ್‌ನಲ್ಲಿ ಮುಂದೆ ಹೋಗುವವು ಬಹುಮಟ್ಟಿಗೆ ಬಲಿಷ್ಠ ತಂಡಗಳೇ ಆದ್ದರಿಂದ, ಕಪ್ ಪಂದ್ಯಗಳು ಹೆಚ್ಚಿದಷ್ಟೂ ಲೀಗ್‌ಗೆ ಒಳ್ಳೆಯದು ಎಂಬ ವಿಚಿತ್ರ ಉತ್ತರ ಬಂದಿತು. ಆ ಕಾಗದವನ್ನು ಹರಿದುಹಾಕಿ ನಮ್ಮ ತಂಡವನ್ನು ನಮ್ಮ ತಂಡದೊಂದಿಗೇ ಹೋಲಿಸಲು ಕುಳಿತೆ. ಲೀಗ್‌ನಲ್ಲಿ ಪ್ರತಿ ಎದುರಾಳಿಯ ಜೊತೆ ಎರಡು ಬಾರಿ, ಒಮ್ಮೆ ನಮ್ಮ ಮೈದಾನದಲ್ಲಿ, ಇನ್ನೊಮ್ಮೆ ಅವರ ಮೈದಾನದಲ್ಲಿ ಆಡುತ್ತೇವೆ. ಆ ಎರಡರಲ್ಲಿ ಒಂದು ಪಂದ್ಯ ಮೂರೇ ದಿನಗಳ ವಿಶ್ರಾಂತಿಯ ಮೇಲೆ, ಇನ್ನೊಂದು ಪೂರ್ತಿ ವಾರದ ವಿಶ್ರಾಂತಿಯ ಮೇಲೆ ನಡೆದಿದ್ದರೆ ಅಂಥ ಜೋಡಿಗಳನ್ನು ಮಾತ್ರ ಆರಿಸಿಕೊಂಡೆ. ತವರಿನ ಮೈದಾನದ ಅನುಕೂಲವನ್ನು ಮನಸ್ಸಿನಲ್ಲಿಟ್ಟುಕೊಂಡು, ಫಲಿತಾಂಶವನ್ನು ಬದಿಗಿರಿಸಿ, ನಾವು ಗೋಲು ಬಿಟ್ಟುಕೊಟ್ಟ ನಿಮಿಷಗಳನ್ನು ಗುರುತು ಹಾಕಿದೆ. ಸಿಕ್ಕಿದ್ದು ಕೆಲವೇ ಜೋಡಿಗಳು. ಇಷ್ಟರಿಂದ ಲೋಕಕ್ಕೆಲ್ಲ ಅನ್ವಯಿಸುವ ಸೂತ್ರ ಹೊರಡುವುದಿಲ್ಲ. ಆದರೆ ನಮ್ಮ ತಂಡಕ್ಕೆ ಏನಾಗಿತ್ತು ಎಂಬುದಕ್ಕೆ ಅಷ್ಟು ಸಾಕಾಗಿತ್ತು.

ಕಪ್ ಪಂದ್ಯದ ಬೆನ್ನಿಗೇ ಬಂದ ಶನಿವಾರಗಳಲ್ಲಿ ನಾವು ಕೆಟ್ಟದಾಗಿ ಆಡಿರಲಿಲ್ಲ. ಗೆಲುವಿನ ಹುಮ್ಮಸ್ಸು ಕಾಲುಗಳ ನೋವನ್ನು ಒಂದು ಪಂದ್ಯದ ಮಟ್ಟಿಗೆ ಮರೆಸುತ್ತಿತ್ತು. ಕುಸಿತ ಶುರುವಾದದ್ದು ಆರೇಳು ವಾರಗಳ ನಂತರ. ಕ್ವಾರ್ಟರ್ ಫೈನಲ್ ಲೀಗ್‌ನ ಶನಿವಾರವೊಂದನ್ನು ಆಕ್ರಮಿಸಿತ್ತು, ಸೆಮಿಫೈನಲ್ ಇನ್ನೊಂದನ್ನು. ಆ ಎರಡು ಲೀಗ್ ಪಂದ್ಯಗಳು ಮುಂದೂಡಲ್ಪಟ್ಟು, ಎಲ್ಲರಿಗೂ ದಣಿವಾಗಿದ್ದ ಕೊನೆಯ ತಿಂಗಳ ಮಂಗಳವಾರಗಳಿಗೆ ಬಂದು ಕುಳಿತವು. ಕಪ್‌ನಿಂದ ನಾವು ಹೊರಬಿದ್ದಾಗಿತ್ತು, ಆದರೂ ಅದರ ಬಾಕಿ ತೀರಿರಲಿಲ್ಲ.

ಇದು ನಮಗೊಬ್ಬರಿಗೇ ಆದದ್ದಲ್ಲ. 2013ರ ಮೇ ತಿಂಗಳ, ಇಂಗ್ಲೆಂಡಿನ ವಿಗನ್ ಅಥ್ಲೆಟಿಕ್ ತಂಡದ ವೇಳಾಪಟ್ಟಿಯನ್ನು ನಾನು ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ. ಮೇ 7ರ ಮಂಗಳವಾರ ಸ್ವಾನ್ಸಿ ವಿರುದ್ಧ ಲೀಗ್‌ನಲ್ಲಿ 2–3ರ ಸೋಲು. ಮೇ 11ರ ಶನಿವಾರ ವೆಂಬ್ಲಿಯಲ್ಲಿ ಅಲ್ಲಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಫೈನಲ್. ಬೆನ್ ವಾಟ್ಸನ್ ಕೊನೆಯ ಗಳಿಗೆಯಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಮ್ಯಾಂಚೆಸ್ಟರ್ ಸಿಟಿ ಮೇಲೆ 1–0ರ ಗೆಲುವು. ಮೇ 14ರ ಮಂಗಳವಾರ ಆರ್ಸೆನಲ್ ವಿರುದ್ಧ 1–4ರ ಸೋಲು, ಅದರೊಂದಿಗೆ ಅಗ್ರ ಶ್ರೇಣಿಯಾದ ಪ್ರೀಮಿಯರ್ ಲೀಗ್‌ನಿಂದ ಹೊರಕ್ಕೆ. ಒಂದೇ ಋತುವಿನಲ್ಲಿ ಎಫ್‌ಎ ಕಪ್ ಗೆದ್ದು ಕೆಳಗಿನ ಶ್ರೇಣಿಗೂ ಇಳಿದ ಮೊದಲ ತಂಡ ಅದು. ವಿಗನ್ ಅದಕ್ಕೂ ಹಿಂದಿನ ವರ್ಷಗಳಲ್ಲಿ ತಳದಲ್ಲೇ ಹೋರಾಡುತ್ತಿದ್ದ ತಂಡವಾದ್ದರಿಂದ ಇಡೀ ತಪ್ಪನ್ನು ಕಪ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ.

1996–97ರ ಮಿಡ್ಲ್ಸ್‌ಬರೋ ತಂಡದ ಕಥೆ ನನಗೆ ಇನ್ನೂ ಹೆಚ್ಚು ಕಲಿಸಿತು. ಎಫ್‌ಎ ಕಪ್ ಮತ್ತು ಲೀಗ್ ಕಪ್ ಎಂಬ ಇಂಗ್ಲೆಂಡಿನ ಎರಡೂ ಕಪ್‌ಗಳ ಫೈನಲ್ ತಲುಪಿದ ಆ ತಂಡ 1997ರ ಮೇ 3, 5, 8 ಮತ್ತು 11ರಂದು, ಅಂದರೆ ಒಂಬತ್ತು ದಿನಗಳಲ್ಲಿ, ನಾಲ್ಕು ಲೀಗ್ ಪಂದ್ಯಗಳನ್ನು ಆಡಬೇಕಾಯಿತು. ಅವುಗಳಲ್ಲಿ ಒಂದನ್ನೂ ಸೋಲಲಿಲ್ಲ. ಒಂದು ಗೆಲುವು, ಮೂರು ಡ್ರಾ. ಉಳಿಯಲು ಅಷ್ಟು ಸಾಲಲಿಲ್ಲ. ಕಾಯಿಲೆ ಮತ್ತು ಗಾಯಗಳ ಕಾರಣ ಕೊಟ್ಟು ಡಿಸೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ವಿರುದ್ಧದ ಪಂದ್ಯಕ್ಕೆ ಹೋಗದಿದ್ದುದಕ್ಕೆ 3 ಅಂಕಗಳನ್ನು ಕಳೆಯಲಾಗಿತ್ತು. ಆ 3 ಅಂಕಗಳು ಇದ್ದಿದ್ದರೆ ತಂಡ ಉಳಿಯುತ್ತಿತ್ತು. ದಣಿದ ತಂಡ ಯಾವಾಗಲೂ ಸೋಲುತ್ತದೆ ಎಂದೇನಿಲ್ಲ, ಗೆಲ್ಲಬೇಕಾದ ಪಂದ್ಯವನ್ನು ಡ್ರಾ ಮಾಡಿಕೊಳ್ಳುತ್ತದೆ ಎಂಬುದನ್ನು ನಾನು ನಮ್ಮ ರಿಜಿಸ್ಟರಿನಲ್ಲೂ ಕಂಡೆ. ವಾರವಿಡೀ ವಿಶ್ರಾಂತಿ ಸಿಕ್ಕಾಗ ಕಾಪಾಡಿಕೊಂಡ ಮುನ್ನಡೆಯನ್ನು ಮೂರು ದಿನಗಳ ವಿಶ್ರಾಂತಿಯ ಪಂದ್ಯಗಳಲ್ಲಿ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಕೈಬಿಟ್ಟಿದ್ದೆವು.

ಕಾರಣ ದೇಹದಲ್ಲಿದೆ. ತೊಂಬತ್ತು ನಿಮಿಷ ಓಡಿದ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಶಕ್ತಿಗಾಗಿ ಕೂಡಿಟ್ಟ ಸಕ್ಕರೆ, ಮತ್ತೆ ತುಂಬಿಕೊಳ್ಳಲು ಎರಡರಿಂದ ಮೂರು ದಿನ ಬೇಕು. ಕಪ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದರೆ ಅದು ನೂರಿಪ್ಪತ್ತು ನಿಮಿಷವಾಗುತ್ತದೆ. ಅಂಥದೊಂದು ರಾತ್ರಿಯ ಮರುದಿನ ನಮ್ಮ ಎಡಬದಿಯ ಡಿಫೆಂಡರ್ ಅಭ್ಯಾಸ ಕಟ್ಟಡದ ಮೆಟ್ಟಿಲುಗಳನ್ನು ಇಳಿಯುವುದನ್ನು ನೋಡಿದೆ. ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲುಗಳನ್ನು ಊರುತ್ತಾ ಬರುತ್ತಿದ್ದ. ಹೇಗಿದ್ದೀಯ ಎಂದು ಕೇಳಿದ್ದಕ್ಕೆ, "ಓಡೋದಕ್ಕೆ ತೊಂದರೆ ಇಲ್ಲ ಸರ್, ಓಡ್ತಾ ಓಡ್ತಾ ನಿಲ್ಲೋದೇ ಕಷ್ಟ" ಎಂದ. ಆ ಮಾತನ್ನು ಹಾಗೆಯೇ ಬರೆದುಕೊಂಡೆ. ವೇಗವಾಗಿ ಓಡುತ್ತಿರುವವನು ಥಟ್ಟನೆ ನಿಲ್ಲುವಾಗಲೂ ದಿಕ್ಕು ಬದಲಿಸುವಾಗಲೂ ತೊಡೆಯ ಸ್ನಾಯುಗಳು ಎಳೆತಕ್ಕೆ ಸಿಕ್ಕುತ್ತವೆ. ಡಿಫೆಂಡರ್‌ನ ಕೆಲಸವೇ ಅದು. ಹದಿನಾಲ್ಕು ದಿನಗಳಲ್ಲಿ ಐದನೆಯ ಪಂದ್ಯ ಆಡುವಾಗ ಅವನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿಯಿತು. ಅವನ ಸಾಲಿನಲ್ಲಿ ನಿಮಿಷಗಳ ಮೊತ್ತ ಎದ್ದು ಕಾಣುತ್ತಿತ್ತು, ನಾನು ಅದನ್ನು ಕೋಚ್ ಮುಂದೆ ಗಟ್ಟಿಯಾಗಿ ಹೇಳಿರಲಿಲ್ಲ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ: ಅಭ್ಯಾಸದ ದಿನಗಳು. ಶನಿವಾರದಿಂದ ಶನಿವಾರಕ್ಕೆ ಆಡುವ ತಂಡಕ್ಕೆ ವಾರದ ನಡುವೆ ಎರಡು ದಿನ ಕಠಿಣವಾಗಿ ಅಭ್ಯಾಸ ಮಾಡಲು, ಮುಂದಿನ ಎದುರಾಳಿಯ ಆಟಕ್ಕೆ ತಕ್ಕ ತಂತ್ರ ಕಲಿಯಲು ಅವಕಾಶವಿರುತ್ತದೆ. ನಡುವೆ ಮಂಗಳವಾರದ ಪಂದ್ಯ ಸೇರಿಕೊಂಡರೆ ಉಳಿಯುವುದು ಚೇತರಿಕೆ, ಪ್ರಯಾಣ, ಹಗುರ ಓಟ, ಅಷ್ಟೆ. ಆಡದೆ ಬೆಂಚಿನಲ್ಲಿ ಕೂತವರಿಗೂ ಇದರಿಂದ ಲಾಭವಿಲ್ಲ. ಕಠಿಣ ಅಭ್ಯಾಸವೇ ನಿಂತುಹೋಗಿದ್ದರಿಂದ ನಮ್ಮ ಬದಲಿ ಆಟಗಾರರ ಕಸುವು ತಿಂಗಳೊಳಗೆ ಇಳಿದಿತ್ತು. ವಿಶ್ರಾಂತಿ ಪಡೆದವರೆಂದು ನಾವು ತಿಳಿದವರು ಮೈದಾನಕ್ಕೆ ಇಳಿದು ಅರವತ್ತನೆಯ ನಿಮಿಷಕ್ಕೆ ಬಳಲುತ್ತಿದ್ದರು.

ಪಂದ್ಯಗಳ ಸಂಖ್ಯೆಯನ್ನೇ ದೂರುವುದನ್ನು ನಾನು ಬಿಟ್ಟದ್ದು 2012–13ರ ಬ್ರಾಡ್‌ಫರ್ಡ್ ಸಿಟಿಯನ್ನು ಅಭ್ಯಾಸ ಮಾಡಿದ ಮೇಲೆ. ನಾಲ್ಕನೇ ಶ್ರೇಣಿಯ ಆ ತಂಡ ಆರ್ಸೆನಲ್ ಮತ್ತು ಆಸ್ಟನ್ ವಿಲ್ಲಾ ತಂಡಗಳನ್ನು ಹೊರಗಟ್ಟಿ ಲೀಗ್ ಕಪ್ ಫೈನಲ್‌ಗೆ ಬಂದು, ಅಲ್ಲಿ ಸ್ವಾನ್ಸಿಗೆ 0–5ರಿಂದ ಸೋತಿತು. ಆ ಋತುವಿನಲ್ಲಿ ಒಟ್ಟು 64 ಪಂದ್ಯಗಳನ್ನಾಡಿದ ಅದು ಲೀಗ್‌ನಲ್ಲಿ 7ನೇ ಸ್ಥಾನ ಪಡೆದು, ಬಡ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳ ಫೈನಲ್‌ನಲ್ಲಿ ನಾರ್ಥಾಂಪ್ಟನ್ ತಂಡವನ್ನು 3–0ರಿಂದ ಮಣಿಸಿ ಮೇಲಿನ ಶ್ರೇಣಿಗೇರಿತು. ಅಷ್ಟು ಪಂದ್ಯಗಳನ್ನು ಹೊತ್ತೂ ಮೇಲೇರಬಹುದಾದರೆ, ಹೊರೆಯನ್ನು ನಾವು ಹಂಚಿದ ರೀತಿಯಲ್ಲೇ ದೋಷವಿರಬೇಕು ಎಂದು ನನಗೆ ಅನ್ನಿಸಿತು.

ಎರಡು ವರ್ಷಗಳ ನಂತರ ನಮ್ಮ ತಂಡ ಮತ್ತೆ ಕಪ್‌ನ ಕೊನೆಯ ಎಂಟರ ಹಂತ ತಲುಪಿದಾಗ ಮೊದಲು ಮಾಡಿದ ಕೆಲಸ ಕ್ಯಾಲೆಂಡರಿಗೆ ಸೇರಿದ್ದು. ಮುಂದೂಡಲ್ಪಡುವ ಲೀಗ್ ಪಂದ್ಯಕ್ಕೆ ಖಾಲಿಯಿರುವ ಅತಿ ಸಮೀಪದ ವಾರಮಧ್ಯದ ದಿನವನ್ನು ಕೇಳಿಕೊಂಡೆವು. ಎದುರಾಳಿ ಕ್ಲಬ್‌ನ ಒಪ್ಪಿಗೆ ಬೇಕಿತ್ತು. ಎರಡು ಫೋನ್ ಕರೆಗಳಲ್ಲಿ ಸಿಕ್ಕಿತು. ಎರಡನೆಯದಾಗಿ, ಎಂಟು ದಿನಗಳಲ್ಲಿ 270 ನಿಮಿಷ ಮುಟ್ಟಿದ ಆಟಗಾರನ ಹೆಸರಿಗೆ ಕೆಂಪು ಗೆರೆ ಎಳೆದು, ಆತ ಮುಂದಿನ ಪಂದ್ಯವನ್ನು ಆರಂಭಿಸಬಾರದೆಂದು ಕೋಚ್ ಮತ್ತು ಫಿಸಿಯೋ ಜೊತೆ ಋತುವಿನ ಆರಂಭದಲ್ಲೇ ಒಪ್ಪಂದ ಮಾಡಿಕೊಂಡಿದ್ದೆವು. ಗೆಲುವಿನ ಸಂಭ್ರಮದಲ್ಲಿ ಕೂತು ಇಂಥ ತೀರ್ಮಾನ ಮಾಡಲಾಗುವುದಿಲ್ಲ. ಮೂರನೆಯದಾಗಿ, ಆಡದವರಿಗೆ ಪಂದ್ಯದ ಮರುದಿನವೇ ಪ್ರತ್ಯೇಕವಾಗಿ ಕಠಿಣ ಓಟದ ಅಭ್ಯಾಸ ಇಟ್ಟೆವು. ಅವರು ಗೊಣಗಿದರು, ಆದರೆ ಬಂದರು.

ನಿಯಮಗಳೂ ಈಗ ಈ ಹೊರೆಯನ್ನು ಸ್ವಲ್ಪ ತಗ್ಗಿಸಿವೆ. ಇಂಗ್ಲೆಂಡಿನ ಲೀಗ್ ಕಪ್‌ನ ಆರಂಭದ ಸುತ್ತುಗಳಲ್ಲಿ 2018–19ರಿಂದ ಹೆಚ್ಚುವರಿ ಸಮಯವಿಲ್ಲದೆ ನೇರವಾಗಿ ಪೆನಾಲ್ಟಿ ಶೂಟೌಟ್ ನಡೆಯುತ್ತದೆ. ಎಫ್‌ಎ ಕಪ್‌ನಲ್ಲಿ 2024–25ರಿಂದ ಮೊದಲ ಸುತ್ತಿನಿಂದಲೇ, ಡ್ರಾ ಆದಾಗ ಆಡಬೇಕಿದ್ದ ಮರುಪಂದ್ಯಗಳನ್ನು ಕೈಬಿಡಲಾಗಿದೆ. ದೊಡ್ಡ ಮೈದಾನದ ಮರುಪಂದ್ಯದಿಂದ ಬರುತ್ತಿದ್ದ ಟಿಕೆಟ್ ಹಣದ ಪಾಲು ಸಣ್ಣ ಕ್ಲಬ್‌ಗಳ ವರ್ಷದ ಖರ್ಚನ್ನೇ ನೀಗಿಸುತ್ತಿತ್ತು. ಆ ಕ್ಲಬ್‌ಗಳ ಬೇಸರ ನನಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ಆಟಗಾರರ ಕಾಲುಗಳ ದೃಷ್ಟಿಯಿಂದ ನಾನು ಆ ತೀರ್ಮಾನದ ಪರವಾಗಿದ್ದೇನೆ.

ಆ ಕ್ವಾರ್ಟರ್ ಫೈನಲ್‌ನಲ್ಲಿ ಪಂದ್ಯ 1–1ರಲ್ಲಿದ್ದಾಗ, ಗಾಯದಿಂದ ಮರಳಿದ್ದ ಅದೇ ಡಿಫೆಂಡರ್‌ನ ಮೊತ್ತ ಕೆಂಪು ಗೆರೆಗೆ ಹತ್ತಿರವಾಗಿತ್ತು. ಕೋಚ್ ನನ್ನ ಕಡೆ ನೋಡಿದರು, ನಾನು ರಿಜಿಸ್ಟರನ್ನು ಅವರ ಕೈಗೆ ಕೊಟ್ಟೆ. ಅವನನ್ನು ಹೊರಗೆ ಕರೆಸಿಕೊಂಡರು. ಹತ್ತು ನಿಮಿಷಗಳ ನಂತರ ಅವನ ಬದಿಯಿಂದಲೇ ಬಂದ ಕ್ರಾಸ್‌ನಿಂದ ಗೋಲಾಗಿ ನಾವು ಕಪ್‌ನಿಂದ ಹೊರಬಿದ್ದೆವು. ಡ್ರೆಸ್ಸಿಂಗ್ ಕೋಣೆಯಲ್ಲಿ ಅವನು ನನ್ನೊಂದಿಗೆ ಮಾತನಾಡಲಿಲ್ಲ. ಲೀಗ್‌ನಲ್ಲಿ ಉಳಿದಿದ್ದ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿದ.