ತಾಯಿ–ಮಗುವಿನ ಲೆಕ್ಕ: ಅಂಕಿ ಓದುವುದು ಹೇಗೆ?

ನಮ್ಮ ಜಿಲ್ಲೆ ರಾಜ್ಯಕ್ಕಿಂತ ಹಿಂದಿದೆಯೇ, ಪ್ರಪಂಚಕ್ಕಿಂತ ಮುಂದಿದೆಯೇ ಎಂದು ಹೋಲಿಸುವ ಮೊದಲು ಭಾಗಾಕಾರ ನೋಡಬೇಕು. ತಾಯಿ ಮರಣ ಪ್ರಮಾಣ ಎಂದರೆ 1 ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರ ಸಾವು ಎಂಬುದು. ಬಸುರಿಯಾಗಿದ್ದಾಗ, ಇಲ್ಲವೇ ಹೆರಿಗೆ ಅಥವಾ ಗರ್ಭಪಾತವಾಗಿ 42 ದಿನದೊಳಗೆ, ಬಸಿರಿಗೆ ಸಂಬಂಧಪಟ್ಟ ಕಾರಣದಿಂದ ಆದ ಸಾವು ಮಾತ್ರ ಇದಕ್ಕೆ ಸೇರುತ್ತದೆ. ರಸ್ತೆ ಅಪಘಾತ ಸೇರದು. ನವಜಾತ ಶಿಶು ಮರಣದ ಲೆಕ್ಕ ಮೊದಲ 28 ದಿನದ್ದು, ಸಾವಿರ ಜೀವಂತ ಜನನಕ್ಕೆ.

ಮೊದಲು ಛೇದ, ಅಂದರೆ ಕೆಳಗಿನ ಜನನದ ಸಂಖ್ಯೆ, ಯಾವ ಊರಿನದೆಂದು ಕೇಳಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ತಾಯಿ ಕಾರ್ಡ್ ಮಾನ್ವಿಯದು, ಹೆರಿಗೆ ಗಂಗಾವತಿಯಲ್ಲಿ, ರಕ್ತಸ್ರಾವ ನಿಲ್ಲದಿದ್ದರೆ ಬಳ್ಳಾರಿಗೆ ರೆಫರ್. ಸಾವನ್ನು ಬಳ್ಳಾರಿಯ ಪಟ್ಟಿಗೆ ಬರೆದರೆ ಅಂಶ ಒಂದು ಜಿಲ್ಲೆಯದು, ಛೇದ ಇನ್ನೊಂದರದು. ದೊಡ್ಡಾಸ್ಪತ್ರೆ ಇರುವ ಜಿಲ್ಲೆಯೇ ಕೆಟ್ಟದ್ದೆಂದು ಕಾಣುವುದು ಎಷ್ಟೋ ಸಲ ಇದರಿಂದಲೇ. ಹಾಗಾಗಿ ಸಾವು ನಡೆದ ಜಾಗದ ಅಂಕಿ ಬೇರೆ, ತಾಯಿ ವಾಸವಿದ್ದ ಊರಿನ ಅಂಕಿ ಬೇರೆ ಇಟ್ಟುಕೊಳ್ಳಿ. ಗುಳೆ ಹೋದವರ ಲೆಕ್ಕ ಇನ್ನೂ ಕಷ್ಟ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಬಾಣಂತಿ ಅಲ್ಲಿನ ಆಶಾ ಪಟ್ಟಿಯಲ್ಲೂ ಇರುವುದಿಲ್ಲ, ಊರಿನ ಪಟ್ಟಿಯಲ್ಲೂ ಉಳಿಯುವುದಿಲ್ಲ ಎಂಬಂತಾಗಬಹುದು. ಹೆರಿಗೆ ವಾರ್ಡಿನ ರಿಜಿಸ್ಟರ್ ಒಂದನ್ನೇ ನಂಬಿದರೂ ಸಾಲದು: ತಿಂಗಳ ಬಾಣಂತಿ ನಂಜೇರಿ ಮೆಡಿಸಿನ್ ವಾರ್ಡಿನಲ್ಲಿ ತೀರಿಕೊಂಡರೆ ಆ ಸಾವು ಅಲ್ಲಿ ಕಾಣದು. 15ರಿಂದ 49 ವಯಸ್ಸಿನ ಎಲ್ಲ ಹೆಣ್ಣುಮಕ್ಕಳ ಸಾವಿನ ಪಟ್ಟಿ ತರಿಸಿ, ಬಸುರಿಯೋ ಬಾಣಂತಿಯೋ ಆಗಿದ್ದರೇ ಎಂದು ಒಂದೊಂದನ್ನೂ ವಿಚಾರಿಸಬೇಕು.

ಆಮೇಲೆ ಸಂಖ್ಯೆ ಎಷ್ಟು ಸಣ್ಣದೆಂದು ನೋಡಿ. ವರ್ಷಕ್ಕೆ 4,000 ಜನನವಾಗುವ ತಾಲ್ಲೂಕಿನಲ್ಲಿ 2 ಸಾವಾದರೆ ಪ್ರಮಾಣ 50, 3 ಆದರೆ 75, 4 ಆದರೆ 100. ಇಷ್ಟರಿಂದ ‘ದುಪ್ಪಟ್ಟು ಏರಿಕೆ’ ಎನ್ನುವುದು ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೂರು ವರ್ಷದ್ದು ಕೂಡಿಸಿ ಭಾಗಿಸಿ. ದೇಶದ ಮಾದರಿ ನೋಂದಣಿ ಸಮೀಕ್ಷೆಯೂ ಹೀಗೇ ಮಾಡುತ್ತದೆ: 2018–20ರಲ್ಲಿ ಭಾರತದ್ದು 97, ಕರ್ನಾಟಕದ್ದು 69. ತಾಲ್ಲೂಕು ಮಟ್ಟದಲ್ಲಂತೂ ಪ್ರಮಾಣಕ್ಕಿಂತ ಗಡಿಯಾರ ನೋಡುವುದು ಮೇಲು: ಮನೆ ಬಿಟ್ಟದ್ದು ಎಷ್ಟಕ್ಕೆ, ಆಂಬುಲೆನ್ಸ್ ಬಂದದ್ದು ಎಷ್ಟಕ್ಕೆ, ರಕ್ತ ಸಿಕ್ಕಿದ್ದು ಎಷ್ಟಕ್ಕೆ.

ಕೂಸಿನ ತೂಕದ ಕಾಲಂ ಮೇಲೂ ಕಣ್ಣಾಡಿಸಿ. 2,500 ಗ್ರಾಂಗಿಂತ ಕಡಿಮೆ ಇದ್ದರೆ ‘ಕಡಿಮೆ ತೂಕ’. ಪುಟ ತುಂಬ 2.5 ಕೆ.ಜಿ. ಎಂದೇ ಇದ್ದು, 2.4, 2.6 ಅಪರೂಪವಾಗಿದ್ದರೆ ಅದು ತಕ್ಕಡಿಯ ತೂಕವಲ್ಲ, ಅಂದಾಜಿನದು. ಒಂದೆರಡು ಉಸಿರೆಳೆದು ಹೋದ ಕೂಸನ್ನು ಸತ್ತೇ ಹುಟ್ಟಿತೆಂದು ಬರೆದರೆ ನವಜಾತ ಮರಣ ತಾನಾಗಿ ಇಳಿಯುತ್ತದೆ. ಆದ್ದರಿಂದ ನಿರ್ಜೀವ ಜನನ ಮತ್ತು ಮೊದಲ 7 ದಿನದ ಸಾವು ಎರಡನ್ನೂ ಕೂಡಿಸಿ ನೋಡಿ.

ಪ್ರಪಂಚದ ಹೋಲಿಕೆ ಕೊನೆಗಿರಲಿ. 2030ಕ್ಕೆ ತಾಯಿ ಮರಣ ಪ್ರಮಾಣದ ಜಾಗತಿಕ ಗುರಿ 70ಕ್ಕಿಂತ ಕಡಿಮೆ. ಸಾವಿನ ನೋಂದಣಿ ಪೂರ್ತಿಯಾಗದ ದೇಶಗಳು ಬಹಳ. ಅಂಥ ಕಡೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಿರುವ ಸಂಸ್ಥೆಗಳದ್ದು ಗಣಿತದ ಅಂದಾಜು, ಎಣಿಕೆಯಲ್ಲ. ಪ್ರತಿ ವರದಿಯಲ್ಲೂ ಹಳೆಯ ವರ್ಷಗಳ ಅಂಕಿಯನ್ನೂ ತಿದ್ದುತ್ತಾರೆ. 2023ರ ವರದಿ 2000ನೇ ಇಸವಿಯಲ್ಲಿ ಪ್ರಪಂಚದ ಪ್ರಮಾಣ 339 ಎಂದಿತ್ತು, 2025ರದು ಅದೇ ಇಸವಿಗೆ 328 ಎಂದು, 2023ಕ್ಕೆ 197 ಕೊಟ್ಟಿದೆ. ಇಳಿಕೆ ಲೆಕ್ಕ ಹಾಕುವಾಗ 328ರಿಂದ 197 ಕಳೆಯಬೇಕು, 339ರಿಂದ ಅಲ್ಲ.